ಇರ್ರಿ ಅಂದಿದ್ದಕ್ಕೆ ಇದ್ದುಬಿಟ್ಟ ನೀಲಾ ಆಂಟಿ

ನೀಲಾ ಆಂಟಿಗೆ ಫೋನ್ ಮಾಡಿದವರು ಹಲೋ ಅನ್ನುವ ಶ್ರಮ ತೆಗೆದುಕೊಳ್ಳಬೇಕಾಗಿರಲಿಲ್ಲ. ಉಸಿರು ಬಿಟ್ಟರೆ ಸಾಕಿತ್ತು. "ಹೇಳಪಾ ಮೈಸೂರಾ, ಮೂಗು ಕಟ್ಟೇತೇನು?" ಎಂದು ಆ ಕಡೆಯಿಂದ ದನಿ ಬರುತ್ತಿತ್ತು. ಫೋನಿನ ಪರದೆಯ ಮೇಲೆ ಹೆಸರು ನೋಡಿ ಹೇಳುತ್ತಿದ್ದರು ಎಂದುಕೊಳ್ಳಬೇಡಿ. ಅವರ ಕನ್ನಡಕ ಸದಾ ಅವರಿಲ್ಲದ ಕೋಣೆಯಲ್ಲಿರುತ್ತಿತ್ತು.

ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಆಪರೇಟರ್ ಆಗಿದ್ದವರು ಅವರು. ಟ್ರಂಕ್ ಕಾಲ್ ಕಾಲದಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದು ಊರಿನ ವೈರನ್ನು ಇನ್ನೊಂದು ಊರಿನ ತೂತಿಗೆ ಚುಚ್ಚುತ್ತ, ಅರ್ಧ ಕರ್ನಾಟಕದ ಹುಟ್ಟು, ಸಾವು, ಕನ್ಯೆ ನೋಡುವ ಶಾಸ್ತ್ರಗಳನ್ನೆಲ್ಲ ಸಂಬಂಧಪಟ್ಟವರಿಗಿಂತ ಮೂರು ನಿಮಿಷ ಮೊದಲು ತಿಳಿದುಕೊಂಡವರು. ನಿವೃತ್ತರಾಗಿ ಮಗನ ಮನೆಗೆ ಬರುವಾಗ ಆ ನೌಕರಿಯಿಂದ ಅವರು ಟೆಕ್ಸಸ್‌ಗೆ ತಂದದ್ದು ಒಮ್ಮೆ ಕೇಳಿದ ದನಿಯನ್ನು ಮರೆಯದ ಕಿವಿ. ಜೊತೆಗೆ ಒಂದು ಮಾತು: "ಲೈನ್ ಖರಾಬ್ ಐತಿ." ಸೊಸೆ ಸಿಡುಕಿದರೆ, ಹೋಗ್ಲಿ ಬಿಡು, ಲೈನ್ ಖರಾಬ್ ಐತಿ. ಕನ್ನಡದಲ್ಲಿ ಕೇಳಿದ್ದಕ್ಕೆ ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ, ಲೈನ್ ಖರಾಬ್ ಐತಿ. "ಮನಷ್ಯಾರು ಕೆಟ್ಟಾವ್ರು ಇರೂದಿಲ್ಲಪಾ, ನಡಬರಕ ಲೈನ್ ಖರಾಬ್ ಇರತೈತಿ" ಎನ್ನುವುದು ಅವರ ಇಡೀ ಸಿದ್ಧಾಂತ. ಇಷ್ಟು ಗಿಡ್ಡ ಸಿದ್ಧಾಂತಕ್ಕೆ ಪಿಂಚಣಿ ಬೇರೆ ಬರುತ್ತಿತ್ತು.

ಇನ್ನು ನನ್ನ, ಅಂದರೆ ಆ ಮೈಸೂರಿನವನ ವಿಷಯ. ದೇವರು ನನಗೆ ಬುದ್ಧಿ ಹಂಚುವಾಗ ನಾನು ಪಕ್ಕದವನ ದನಿಯಲ್ಲಿ ಮಾತಾಡುತ್ತ ಕೂತಿದ್ದೆನಂತೆ. ಹಾಗಾಗಿ ನನ್ನ ಪಾಲು ಪಕ್ಕದವನಿಗೆ ಹೋಯಿತು, ನನಗೆ ಅವನ ದನಿ ಉಳಿಯಿತು. ಹ್ಯೂಸ್ಟನ್ನಿನಲ್ಲಿ ಎಂ.ಎಸ್. ಓದುವಾಗ ನನ್ನ ಪ್ರೊಫೆಸರರ ದನಿಯಲ್ಲಿ ಒಂದಿಡೀ ತರಗತಿಗೆ ರಜೆ ಕೊಟ್ಟಿದ್ದೇನೆ. ಡಾಲಸ್‌ನಲ್ಲಿ ಕನ್ನಡ ಕಾರ್ಯಕ್ರಮ ಮಾಡಿಸುವ ಒಬ್ಬ ಹಿರಿಯ ಅಂಕಲ್ ದನಿಯಲ್ಲಿ ಫೋನ್ ಮಾಡಿ, ಯುಗಾದಿ ನಾಟಕದ ರಾಜನ ಪಾತ್ರವನ್ನು ಮೂವರಿಗೆ ಗುಟ್ಟಾಗಿ ಹಂಚಿದ್ದೇನೆ. ಮೂವರೂ ಕಿರೀಟ ತಂದಿದ್ದರು. ಇಂಥ ನಾನು ಒಮ್ಮೆಯೂ ಯಾಮಾರಿಸಲಾಗದಿದ್ದ ಒಂದೇ ಜೀವ ನೀಲಾ ಆಂಟಿ.

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಅವರ ಮಗ ಗಿರೀಶಣ್ಣನ ಮನೆಯ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ನಾನು ಎರಡು ವರ್ಷ ಬಾಡಿಗೆಗಿದ್ದೆ. ಮೇಲಿನಿಂದ ಫೋನ್ ಮಾಡಿ, ಥೇಟ್ ಗಿರೀಶಣ್ಣನ ದನಿಯಲ್ಲಿ, "ಅಮ್ಮಾ, ಇವತ್ತ ಆ ಮೈಸೂರ ಹುಡುಗಗ ಎರಡು ರೊಟ್ಟಿ ಜಾಸ್ತಿ ಕೊಡು, ಪಾಪ" ಎನ್ನುತ್ತಿದ್ದೆ. "ದನಿ ಗಿರೀಶಂದು ತಂದಿ, ಉಸುರು ನಿಂದ ಐತಿ. ಕೆಳಗ ಬಾ, ರೊಟ್ಟಿ ಆರತಾವು" ಎಂದು ಉತ್ತರ ಬರುತ್ತಿತ್ತು. ರೊಟ್ಟಿ ಮಾತ್ರ ಎರಡು ಜಾಸ್ತಿಯೇ ಇರುತ್ತಿದ್ದವು. ಅವಮಾನವನ್ನು ನಾನು ಎಣ್ಣೆಗಾಯಿ ಜೊತೆ ನುಂಗುತ್ತಿದ್ದೆ.

ಕೆಲಸ ಸಿಕ್ಕಿ ನಾನು ಆಸ್ಟಿನ್‌ಗೆ ಶಿಫ್ಟ್ ಆದೆ. ಟೇಲರ್ ಎಂಬ ಊರಿನಲ್ಲಿರುವ ಕೊರಿಯಾದವರ ದೊಡ್ಡ ಚಿಪ್ ಕಾರ್ಖಾನೆಗೆ ಯಂತ್ರ ಕೂರಿಸುವ ಕಂಪನಿ ನಮ್ಮದು, ಹೆಡ್ ಆಫೀಸು ಫಾರ್ಮರ್ಸ್ ಬ್ರಾಂಚ್‌ನಲ್ಲಿ. "ಟೇಲರ್ ಅಂತ ಊರ ಹೆಸರು, ಒಂದು ಜಂಪರ್ ಹೊಲಿಯಾಂವ ಇಲ್ಲ. ಫಾರ್ಮರ್ಸ್ ಅಂತ ಊರ ಹೆಸರು, ಒಂದು ಎಮ್ಮಿ ಇಲ್ಲ. ಎಂಥಾ ಸುಳ್ಳ ಮಂದಿ ಕೂಡ ಕೆಲಸ ಮಾಡ್ತೀಯೋ" ಎಂದು ಆಂಟಿ ಮರುಗಿದರು. ಪ್ರತಿ ಶನಿವಾರ ಫೋನ್ ಮಾಡುತ್ತಿದ್ದೆ, ಹೊಸ ಹೊಸ ದನಿಗಳಲ್ಲಿ. ಪ್ರತಿ ಶನಿವಾರ ಸಿಕ್ಕಿಬೀಳುತ್ತಿದ್ದೆ.

ಆ ಹೊತ್ತಿಗೆ ಆಂಟಿಗೆ ಕೊರಿಯನ್ ಧಾರಾವಾಹಿಗಳ ಹುಚ್ಚು ಹಿಡಿದಿತ್ತು. ಕೆಳಗೆ ಬರುವ ಅಕ್ಷರಗಳನ್ನು ಓದಲು ಕನ್ನಡಕ ಬೇಕಲ್ಲ, ಅದು ಇನ್ನೊಂದು ಕೋಣೆಯಲ್ಲಿ. ಹಾಗಾಗಿ ಬರೀ ಕಿವಿಯಿಂದ ನೋಡುತ್ತಿದ್ದರು. ನೋಡುತ್ತ ನೋಡುತ್ತ, ಕೊರಿಯನ್ ಎನ್ನುವುದು ಸ್ವಲ್ಪ ಖರಾಬ್ ಲೈನಿನಲ್ಲಿ ಬಂದ ಧಾರವಾಡ ಕನ್ನಡ ಎಂಬ ತೀರ್ಮಾನಕ್ಕೆ ಬಂದರು.

"ಅಪ್ಪಗ ಅಪ್ಪ ಅಂತಾರ. ಅಮ್ಮಗ ಒಮ್ಮಾ ಅಂತಾರ. ನನಗ ನಾ, ನಿನಗ ನೀ. ಬಾಳೇವು ಮಾಡಾಕ ಇನ್ನೇನ ಬೇಕು?"

"ನಾವೂ ಅದನ್ನೇ ಅಂತೀವಲ್ಲ ಆಂಟಿ, ನಾನು, ನೀನು ಅಂತ."

"ನೀವು ಮೈಸೂರಾವ್ರು ಬಾಲ ಹಚ್ತೀರಿ. ಅವರು ಹಚ್ಚೂದಿಲ್ಲ. ಅವರು ನಮ್ಮ ಕಡೆಯಾವ್ರು."

ವಿಶ್ವವಿದ್ಯಾಲಯಗಳು ಇದಕ್ಕೆ ಮೊದಲೇ ಡಾಕ್ಟರೇಟ್ ಕೊಡದಿದ್ದದ್ದು ಅವುಗಳ ದುರದೃಷ್ಟ.

ಆಂಟಿಗೆ ಇನ್ನೊಂದು ಹುಚ್ಚೂ ಇತ್ತು, ಅದು ಹಳೆಯದು. ಅವರ ಜೊತೆ ಬೋರ್ಡಿನ ಮುಂದೆ ಕೂತಿದ್ದ ಮೂವರು ಆಪರೇಟರ್ ಗೆಳತಿಯರು ನಿವೃತ್ತರಾಗಿ ಧಾರವಾಡದ ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ ಮನೆ ಮಾಡಿದ್ದರು. ಆ ಮಹಡಿಯ ನಾಲ್ಕನೇ ಮನೆ ಆಂಟಿಗೆಂದು ಕಾಯುತ್ತಿತ್ತು. ಸಂಜೆಯಾದರೆ ಮೂವರೂ ಇಸ್ಪೀಟಿಗೆ ಕೂಡುತ್ತಾರೆ, ಆಟಕ್ಕೆ ಒಂದು ಕೈ ಕಡಿಮೆ. ಆ ಕೈ ಮಿಸೌರಿ ಸಿಟಿಯಲ್ಲಿ ಪಾತ್ರೆ ತೊಳೆಯುವ ಯಂತ್ರಕ್ಕೆ ತಟ್ಟೆ ಜೋಡಿಸುತ್ತಿತ್ತು. ಗಿರೀಶಣ್ಣ ಒಪ್ಪುತ್ತಿರಲಿಲ್ಲ. ಕೆಟ್ಟ ಮಗನಲ್ಲ, ಅದೇ ತೊಂದರೆ. ಕೆಟ್ಟ ಮಗನಾಗಿದ್ದರೆ ಜಗಳವಾಡಿ ಹೋಗಬಹುದಿತ್ತು. ತಾಯಿ ಜಾರಿ ಬಿದ್ದರೆ ಕೂಗಿಕೊಳ್ಳುವ ವಾಚು, ಅಡುಗೆಮನೆಗೆ ಕ್ಯಾಮೆರಾ, ಮಾತ್ರೆ ಮರೆತರೆ ಹಾಡುವ ಡಬ್ಬಿ ಎಲ್ಲ ತಂದಿಟ್ಟಿದ್ದ. "ಒಬ್ಬಾಕಿ ಹೆಂಗ ಇರ್ತಿ ಅಮ್ಮಾ?" ಎಂಬ ಅವನ ಪ್ರಶ್ನೆಗೆ ಹನ್ನೊಂದು ವರ್ಷದಿಂದ ಉತ್ತರ ಸಿಕ್ಕಿರಲಿಲ್ಲ.

ಒಂದು ಸೆಪ್ಟೆಂಬರಿನಲ್ಲಿ ನನ್ನನ್ನು ಮೂರು ವಾರದ ತರಬೇತಿಗೆ ಕೊರಿಯಾಕ್ಕೆ ಕಳಿಸುವುದೆಂದಾಯಿತು. ಸುದ್ದಿ ಕೇಳಿದ ಆಂಟಿ ಊಟದ ಮೇಜಿನಲ್ಲಿ ಮಗನಿಗೆ ಪಂಥ ಹಾಕಿದರು.

"ಇವನ ವಿಮಾನದಾಗ ನಾನೂ ಹೋಗ್ತೀನಿ. ಎಂಟು ದಿನ ಬ್ಯಾರೆ ರೂಮಿನಾಗ, ನನ್ನಷ್ಟಕ ನಾ ಇದ್ದು ಬರ್ತೀನಿ. ಏನೂ ಫಜೀತಿ ಆಗಲಿಲ್ಲ ಅಂದ್ರ ಧಾರವಾಡಕ್ಕ ಕಳಸ್ಬೇಕು. ಆತೇನು?"

ಅಮ್ಮ ವಿಮಾನ ನಿಲ್ದಾಣದ ಉದ್ದ ನೋಡಿಯೇ ವಾಪಸ್ ಬರುತ್ತಾಳೆ ಎಂದುಕೊಂಡು ಗಿರೀಶಣ್ಣ ಒಪ್ಪಿದ. ಒಂದು ಶರತ್ತು ಹಾಕಿದ: ದಿನಾ ರಾತ್ರಿ ಮಲಗುವ ಮುಂಚೆ ಅವನು ಫೋನ್ ಮಾಡುತ್ತಾನೆ. ಆಗ ಅಲ್ಲಿ ಹಗಲು. ಆಂಟಿ ಎತ್ತಬೇಕು. "ಒಂದ ಒಂದು ದಿನ ಎತ್ತಲಿಲ್ಲ ಅಂದ್ರ ಧಾರವಾಡ ಕ್ಯಾನ್ಸಲ್." ಆಮೇಲೆ ನನ್ನನ್ನು ಗ್ಯಾರೇಜಿಗೆ ಕರೆದು, "ಅಮ್ಮ ಒಬ್ಬಳ ಇರ್ತಾಳ. ನೀ ಸ್ವಲ್ಪ ಜ್ವಾಕಿ ಮಾಡು" ಎಂದ. ಒಬ್ಬಳೇ ಇರುವುದನ್ನು ಪಕ್ಕದಲ್ಲಿ ಕೂತು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸವಾಯಿತು.

ಡಾಲಸ್‌ನಿಂದ ಹೊರಟು, ಸೋಲ್ ಎಂಬ ಅಪಶಕುನದ ಹೆಸರಿನ ಆ ಮಹಾನಗರ ಮುಟ್ಟಿದೆವು. ನಾಲ್ಕು ದಿನ ಆಂಟಿ ಒಂದು ತಪ್ಪೂ ಮಾಡಲಿಲ್ಲ. ಮೆಟ್ರೋ ಹತ್ತಿದರು, ಇಳಿದರು, ಅಂಗಡಿಯವಳಿಗೆ "ಇದು ಹೆಂಗವಾ?" ಎಂದು ಕೇಳಿ ಪಿಯರ್ ಹಣ್ಣು ತಂದರು. ನಾನು ಎರಡು ಸಲ ಮೆಟ್ರೋ ತಪ್ಪಿಸಿಕೊಂಡೆ. ಅದನ್ನು ಗಿರೀಶಣ್ಣ ಕೇಳಲಿಲ್ಲ.

ಭಾನುವಾರ ನನಗೆ ರಜೆ. ಸೋಲ್‌ನಿಂದ ಹಳ್ಳಿಗಾಡಿಗೆ ಒಂದು ದಿನದ ಗೈಡೆಡ್ ಟೂರ್ ಇತ್ತು. ಬೆಳಿಗ್ಗೆ ಏಳಕ್ಕೆ ಬಸ್, ಹಂಚಿನ ಮನೆಗಳ ಹಳ್ಳಿ, ಜಿನ್ಸೆಂಗ್ ಬೇರಿನ ಅಂಗಡಿ, ಊಟ, ಸೇಬಿನ ತೋಟ, ಸಂಜೆಗೆ ವಾಪಸ್. "ಪ್ರಶಾಂತ ಗ್ರಾಮಜೀವನವನ್ನು ನಿಮ್ಮದೇ ಗತಿಯಲ್ಲಿ ಅನುಭವಿಸಿ" ಎಂಬ ಅರ್ಥದ ಮಾತು ಕಾಗದದ ಮೇಲಿತ್ತು. ಅದರ ಕೆಳಗೆ ಪ್ರಶಾಂತತೆಗೆ ಇಪ್ಪತ್ತೈದು ನಿಮಿಷ ಎಂದೂ ಇತ್ತು.

ನಮ್ಮ ಗೈಡ್ ಮಿಸ್ ಯುನ್ ಎಂಬ ಇಪ್ಪತ್ತರ ಆಸುಪಾಸಿನ ಹುಡುಗಿ. ಕೈಯಲ್ಲಿ ಹಳದಿ ಬಾವುಟ, ಬಾಯಲ್ಲಿ ಬಿಡುವಿಲ್ಲದೆ "ಪಲ್ಲಿ ಪಲ್ಲಿ". ಬೇಗ ಬೇಗ ಎಂದರ್ಥ. "ನಸಿಕಿಲೆ ಹಿಡದು ಪಲ್ಯ ಪಲ್ಯ ಅಂತ ಬಡಕೊಳ್ಳಾಕತ್ತಾಳ, ಒಂದು ರೊಟ್ಟಿ ಕೊಡವಲ್ಲಳು" ಎಂದು ಆಂಟಿ ಗೊಣಗಿ, ಚೀಲದಿಂದ ತಾವೇ ಕಟ್ಟಿ ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಅವಳಿಗೂ ಕೊಟ್ಟರು. ಬಸ್ಸಿನಲ್ಲಿ ಹದಿನೆಂಟು ಜನ. ಮಿಸ್ ಯುನ್ ಪ್ರತಿ ಸಲ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುತ್ತಿದ್ದಳು. ಮೊದಲನೇ ಹಾಜರಿಯಲ್ಲಿ "ಮಿಸೆಸ್ ನೀಲಾ" ಅಂದಾಗ ಆಂಟಿ ಬಾಯಿ ತೆರೆಯುವ ಮೊದಲೇ ನಾನು ಅವರ ದನಿಯಲ್ಲಿ "ಅದೀನ್ರೀ" ಅಂದೆ. ಬಸ್ಸು ನಕ್ಕಿತು. ಆಂಟಿಯೂ ನಕ್ಕರು. ಈ ಜಗತ್ತಿನಲ್ಲಿ ನನ್ನನ್ನು ಹಾಳು ಮಾಡಿದವರೆಲ್ಲ ಮೊದಲು ನಕ್ಕವರೇ.

ಡ್ರೈವರ್ ಅರವತ್ತರ ಮುದುಕ. ಇಂಗ್ಲಿಷ್ ಬಾರದು. ಬಸ್ಸಿನ ಬಾಗಿಲಲ್ಲಿ ನಿಂತು, ಅಂಗೈ ಕೆಳಗೆ ಮಾಡಿ ಬೀಸುತ್ತ, ಬೀಡಿ ಸೇದಿದವನ ಗಂಟಲಲ್ಲಿ "ಇರಿ, ಇರಿ" ಎಂದು ಜನರನ್ನು ಕರೆಯುತ್ತಿದ್ದ. ಇರಿ ಎಂದರೆ ಕೊರಿಯನ್‌ನಲ್ಲಿ "ಈ ಕಡೆ" ಎಂದು, ಈ ಕಡೆ ಬನ್ನಿ ಎಂದು ಕರೆಯುವಾಗ ಹಾಗೆನ್ನುತ್ತಾರೆ ಎಂದು ಮಿಸ್ ಯುನ್ ಹೇಳಿದಳು. ಇಂಥ ಗಂಟಲು ಎದುರಿಗಿದ್ದು ನಾನು ಸುಮ್ಮನಿರುವುದುಂಟೆ? ಹಳ್ಳಿ ಮುಟ್ಟುವಷ್ಟರಲ್ಲಿ ಅದು ನನ್ನ ಗಂಟಲಾಗಿತ್ತು.

ಹಳ್ಳಿ ಚೆನ್ನಾಗಿತ್ತು. ಇಪ್ಪತ್ತೈದು ನಿಮಿಷದಲ್ಲಿ ಎಷ್ಟು ಚೆನ್ನಾಗಿರಬಹುದೋ ಅಷ್ಟು. ಎಲ್ಲರೂ ಹಂಚಿನ ಸೂರಿನ ಕೆಳಗೆ ನಿಂತು, ಹಿಂದೆ ಇನ್ನೊಬ್ಬ ಪ್ರವಾಸಿ ಕಾಣದಂತೆ ಫೋಟೋ ತೆಗೆಸಿಕೊಂಡರು. ಆಂಟಿ ಮಾತ್ರ ಒಂದು ಓಣಿಯ ಬಾಯಲ್ಲಿ ನಿಂತುಬಿಟ್ಟಿದ್ದರು. ಓಣಿಯುದ್ದಕ್ಕೂ ಚಾಪೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಹಾಕಿತ್ತು. ಬಿಸಿಲಿಗೆ ಘಾಟು ಏಳುತ್ತಿತ್ತು.

"ಮೈಸೂರಾ, ಬ್ಯಾಡಗಿ ಬಂತೋ" ಎಂದರು. ಆಮೇಲೆ ಎರಡು ಸೀನು ಸೀನಿದರು, ಸುಖವಾಗಿ.

ಅಷ್ಟರಲ್ಲಿ ಪಲ್ಲಿ ಪಲ್ಲಿ ಶುರುವಾಯಿತು. ನಾನು ಬಸ್ಸಿನ ಬಾಗಿಲಿಗೆ ಹೋಗಿ, ಹಿಂದೆ ಉಳಿದಿದ್ದ ಆಂಟಿಯನ್ನು ಡ್ರೈವರ್ ದನಿಯಲ್ಲಿ ಕರೆದೆ. ಅಣಕ ಮಾಡುವವರ ಒಂದು ಚಟವೆಂದರೆ ಉಪ್ಪು ಖಾರ ಮುಂದಾಗಿ ಹಾಕುವುದು. ಡ್ರೈವರನ ತೆಳ್ಳನೆಯ "ಇರಿ" ನನ್ನ ಬಾಯಲ್ಲಿ ದಪ್ಪವಾಗಿ, ರಕಾರ ಎರಡಾಗಿ, "ಇರ್ರೀ! ಇರ್ರೀ!" ಎಂದು ಹೊರಬಂತು. ಕೈಯನ್ನೂ ಅವನಂತೆಯೇ ಕೆಳಮುಖವಾಗಿ ಬೀಸಿದೆ. ಡ್ರೈವರ್ ಕೂಡ ನಕ್ಕ. ದೂರದಲ್ಲಿ ಆಂಟಿ ನನ್ನತ್ತ ನೋಡಿ, ತಿಳಿಯಿತು ಎಂಬಂತೆ ಕೈ ಎತ್ತಿದರು. ಇನ್ನೇನು ಬರುತ್ತಾರೆ ಎಂದು ನಾನು ಬಸ್ಸಿನ ಪಕ್ಕದ ಶೌಚಾಲಯಕ್ಕೆ ಹೋದೆ.

ಬಂದು ನೋಡಿದಾಗ ಹಿಂದಿನ ಉದ್ದ ಸೀಟಿನ ಮೇಲೆ ಅವರ ನೀಲಿ ಶಾಲು ಗುಡ್ಡೆಯಾಗಿತ್ತು. ಐದಕ್ಕೇ ಎದ್ದಿದ್ದರು, ಅಲ್ಲಿ ಅಡ್ಡಾಗುತ್ತೇನೆ ಎಂದು ಬೆಳಿಗ್ಗೆಯೇ ಹೇಳಿದ್ದರು. ಮಲಗಿದ್ದಾರೆ ಎಂದುಕೊಂಡೆ. ಮಿಸ್ ಯುನ್ "ಮಿಸೆಸ್ ನೀಲಾ" ಎಂದು ಕೂಗಿದಳು. ಮಲಗಿದವರನ್ನು ಯಾಕೆ ಎಬ್ಬಿಸುವುದು ಎಂಬ ಕರುಣೆಯಿಂದ ನಾನು "ಅದೀನ್ರೀ" ಅಂದೆ. ಬಸ್ಸು ಮತ್ತೆ ನಕ್ಕಿತು, ಆಮೇಲೆ ಹೊರಟಿತು.

ಮುಕ್ಕಾಲು ಗಂಟೆಯ ನಂತರ ಜಿನ್ಸೆಂಗ್ ಅಂಗಡಿಯ ಮುಂದೆ ಎಲ್ಲರೂ ಇಳಿದರು. ಆಂಟಿಯನ್ನು ಎಬ್ಬಿಸಲು ಹಿಂದೆ ಹೋಗಿ ಶಾಲು ಎತ್ತಿದೆ. ಕೆಳಗೆ ಇದ್ದದ್ದು ಕೈಚೀಲ ಮತ್ತು ಫೋನು. ಫೋನು ಆಗಲೇ ಹೊಡೆದುಕೊಳ್ಳುತ್ತಿತ್ತು. ಪರದೆಯ ಮೇಲೆ ಗಿರೀಶ.

ಒಂದು ಸಲ ಎತ್ತದಿದ್ದರೆ ಧಾರವಾಡ ಇಲ್ಲ. ಎತ್ತಿ, ಅಮ್ಮ ಎಲ್ಲಿದ್ದಾರೋ ಗೊತ್ತಿಲ್ಲ ಗಿರೀಶಣ್ಣ ಎಂದರೆ ಧಾರವಾಡವೂ ಇಲ್ಲ, ನಾನೂ ಇಲ್ಲ. ಎತ್ತಿದೆ.

"ಹೂಂ, ಹೇಳಪಾ ಗಿರೀ" ಅಂದೆ, ಆಂಟಿಯ ದನಿಯಲ್ಲಿ.

"ಅಮ್ಮಾ, ಆರಾಮ? ಎಲ್ಲಿದ್ದಿ?"

"ಬೇರಿನ ಅಂಗಡಿ ಅಂತ. ಗಜ್ಜರಿಗೆ ಕೈಕಾಲು ಮೂಡಿದಂಗ ಅದಾವು."

"ಬಿಪಿ ಗುಳಗಿ?"

"ನುಂಗೀನಿ."

"ದನಿ ಯಾಕ ಒಂಥರಾ ಆಗೇತಿ?"

"ಲೈನ್ ಖರಾಬ್ ಐತಿ" ಅಂದೆ.

"ಹಂಗ ಅನಸ್ತು. ಆತು, ಮಲ್ಕೋತೀನಿ. ಲವ್ ಯೂ ಅಮ್ಮಾ."

ಇದಕ್ಕೆ ಆಂಟಿ ಏನು ಉತ್ತರ ಕೊಡುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಅವರ ಮನೆಯ ಮೇಲಿದ್ದೆ, ಅವರ ಕೆಮ್ಮು, ಆಕಳಿಕೆ, ಒಗ್ಗರಣೆಗೆ ಬೀಳುವ ಸೀನು ಎಲ್ಲ ಬರುತ್ತಿತ್ತು. ಇದೊಂದು ಬರುತ್ತಿರಲಿಲ್ಲ. "ಹೂಂ" ಎಂದು ಫೋನ್ ಇಟ್ಟೆ.

ಉಳಿದ ಹದಿನೇಳು ಪ್ರವಾಸಿಗಳ ಪೈಕಿ ಹದಿನಾರು ಮಂದಿಯನ್ನು ಅಂಗಡಿಯಲ್ಲೇ ಬಿಟ್ಟು, ಮಿಸ್ ಯುನ್ ಮತ್ತು ನಾನು ಟ್ಯಾಕ್ಸಿ ಹಿಡಿದೆವು. ಗಿರಾಕಿಗಳು ಒಂದೂವರೆ ಗಂಟೆ ಜಾಸ್ತಿ ಉಳಿಯುತ್ತಾರೆಂದು ತಿಳಿದ ಅಂಗಡಿಯವನು ಮಾತ್ರ ಆ ದಿನದ ವ್ಯವಸ್ಥೆಯನ್ನು ಬಹಳ ಮೆಚ್ಚಿದ. ದಾರಿಯುದ್ದಕ್ಕೂ ಮಿಸ್ ಯುನ್ ಕೈಯಲ್ಲಿ ಬಾವುಟ ಹಾಗೇ ಇತ್ತು. ಇದು ಅವಳ ಎರಡನೇ ವಾರದ ಕೆಲಸ. ನಾನು ಅವಳಿಗೆ ನಿಜ ಹೇಳಿದೆ. ಹಾಜರಿ ಹೇಳಿದ್ದು ನಾನು, ನೀನಲ್ಲ ತಪ್ಪು ಮಾಡಿದ್ದು ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ಭಾಷಾಂತರ ಬೇಕಿರಲಿಲ್ಲ.

ಆಂಟಿ ಬಿಟ್ಟಲ್ಲೇ ಇದ್ದರು. ಓಣಿಯ ಮೊದಲ ಮನೆಯ ಮುಂದೆ ಮರದ ಜಗಲಿ. ಅದರ ಮೇಲೆ ಕಾಲು ಚಾಚಿ ಕೂತು, ಪಕ್ಕದಲ್ಲಿ ಹೂವಿನ ಚಿತ್ರದ ಪ್ಯಾಂಟು ತೊಟ್ಟ ಎಂಬತ್ತರ ಅಜ್ಜಿಯೊಬ್ಬಳನ್ನು ಕೂರಿಸಿಕೊಂಡು, ಇಬ್ಬರೂ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ನಡುವೆ ಬೇಯಿಸಿದ ಗೆಣಸು. ಅಜ್ಜಿ ಕೊರಿಯನ್‌ನಲ್ಲಿ ಮಾತಾಡುತ್ತಿದ್ದಳು, ಆಂಟಿ ಕನ್ನಡದಲ್ಲಿ. ಯಾರೂ ಯಾರನ್ನೂ ತಡೆದು ಏನಂದಿರಿ ಎಂದು ಕೇಳುತ್ತಿರಲಿಲ್ಲ. ಇಂಥ ಸರಾಗವಾದ ಸಂಭಾಷಣೆಯನ್ನು ನಾನು ಒಂದೇ ಭಾಷೆಯವರ ಮನೆಗಳಲ್ಲೂ ಕೇಳಿಲ್ಲ.

"ಇಷ್ಟ ಲಗೂ ಬಂದ್ರಿ?" ಎಂದರು ಆಂಟಿ.

"ಆಂಟಿ! ಬಸ್ಸಿಗೆ ಯಾಕೆ ಬರ್ಲಿಲ್ಲ ನೀವು? ನಾನು ಕರೆದೆನಲ್ಲ!"

"ಎಲ್ಲಿ ಕರದಿ? ಇರ್ರಿ ಅಂದಿ. ಇದ್ದೆ."

ನಾನು ಜಗಲಿಯ ಮೇಲೆ ಕುಸಿದು ಕೂತೆ. ಅಜ್ಜಿ ನನಗೊಂದು ಗೆಣಸು ಕೊಟ್ಟಳು.

"ಪಾಪ, ಈಕಿ ಕಥಿ ನನ್ನ ಕಥಿನ ಐತಿ" ಎಂದು ಆಂಟಿ ದನಿ ತಗ್ಗಿಸಿದರು. "ಮಗಾ ಸೋಲ್‌ನಾಗ ಇರ್ತಾನ. ಇಲ್ಲೇ ಬಂದ ಇರು ಅಂತಾನ. ಈಕಿ ಒಲ್ಲೆ ಅಂತಾಳ."

"ಕೊರಿಯನ್‌ನಲ್ಲಿ ಹೇಳಿದ್ದು ನಿಮಗೆ ಹ್ಯಾಗೆ ಗೊತ್ತಾಯ್ತು?"

"ಸೋಲ್ ಸೋಲ್ ಅಂತ ಹತ್ತು ಸಲ ಅಂದ್ಲು. ಅಂದಾಗೆಲ್ಲಾ ತೊಟ್ಟು ಜೋರ ಮುರದ್ಲು. ಇನ್ನೇನ ಇರತೈತಿ?"

ಮಿಸ್ ಯುನ್ ಅಜ್ಜಿಯನ್ನು ವಿಚಾರಿಸಿದಳು. ಕೇಳುತ್ತ ಕೇಳುತ್ತ ಅವಳ ಮುಖ ಕೆಂಪಾಯಿತು. ಅವಳು ಇಂಗ್ಲಿಷಿಗೆ ತಿರುಗಿಸಿದಂತೆ ಅಜ್ಜಿ ಹೇಳಿದ್ದು ಇಷ್ಟು: ಈ ಸೋಲ್‌ನ ಬಸ್ಸಿನವರಿಗೆ ತಲೆಯಿಲ್ಲ, ವಾರಕ್ಕೊಬ್ಬರನ್ನು ಇಲ್ಲಿ ಮರೆತು ಹೋಗುತ್ತಾರೆ. ಇವತ್ತು ಬಿಟ್ಟು ಹೋದ ಹೆಂಗಸು ತೊಟ್ಟು ಚೆನ್ನಾಗಿ ಮುರಿಯುತ್ತಾಳೆ, ಆದರೆ ಬಾಯಿ ಬಹಳ.

ಅದನ್ನು ನಾನು ಆಂಟಿಗೆ ಭಾಷಾಂತರಿಸಿದೆ. ಅವರಿಗೆ ಸ್ವಲ್ಪವೂ ಬೇಸರವಾಗಲಿಲ್ಲ. "ಇರ್ಲಿ ಬಿಡು, ಲೈನ್ ಖರಾಬ್ ಇತ್ತು" ಎಂದು ಎದ್ದರು. ಅಜ್ಜಿ ಒಂದು ಚೀಲ ಮೆಣಸಿನಕಾಯಿ ಕೊಟ್ಟಳು, ಆಂಟಿ ನಾನು ತಂದಿದ್ದ ಅವರ ಕೈಚೀಲದಿಂದ ಉಳಿದಿದ್ದ ರೊಟ್ಟಿಯನ್ನೆಲ್ಲ ತೆಗೆದು ಕೊಟ್ಟರು.

ಟ್ಯಾಕ್ಸಿಯಲ್ಲಿ ಗಿರೀಶಣ್ಣನ ಫೋನಿನ ವಿಷಯ ಹೇಳಿದೆ. ಬೈಗುಳಕ್ಕೆ ಭುಜ ಒಡ್ಡಿ ಕೂತೆ. ಅವರು ಬೈಯಲಿಲ್ಲ. ಕಿಟಕಿಯ ಕಡೆ ತಿರುಗಿ ಕೇಳಿದರು:

"ನಂಬಿದನೇನು?"

"ನಂಬಿದ."

"ಪೂರ್ತಿ?"

"ದನಿ ಒಂಥರಾ ಆಗಿದೆ ಅಂದ. ಲೈನ್ ಖರಾಬ್ ಅಂದೆ. ಹಂಗ ಅನಸ್ತು ಅಂದ."

ಭತ್ತದ ಗದ್ದೆಗಳು ಒಂದಾದ ಮೇಲೊಂದು ಹೋದವು. ಮೂವತ್ತೆರಡು ವರ್ಷ ಉಸಿರಿನಿಂದ ಮನುಷ್ಯರನ್ನು ಗುರುತು ಹಿಡಿದ ಹೆಂಗಸಿಗೆ, ಹೆತ್ತ ಮಗನಿಗೆ ತನ್ನ ದನಿ ಗೊತ್ತಾಗಲಿಲ್ಲ ಎಂಬ ಸುದ್ದಿಯನ್ನು ತಂದು ಕೊಟ್ಟವನು ನಾನು. ಅದೂ ಉಪಕಾರ ಮಾಡಿದೆನೆಂಬ ಮುಖ ಮಾಡಿಕೊಂಡು.

"ಲವ್ ಯೂ ಅಂದ್ನೇನು ಕಡೀಕ?"

"ಅಂದ. ನೀವು ಏನಂತೀರೋ ಗೊತ್ತಾಗ್ಲಿಲ್ಲ. ಹೂಂ ಅಂದೆ."

"ನಾನೂ ಅಷ್ಟ ಅಂತೀನಿ" ಎಂದರು. ಸ್ವಲ್ಪ ದೂರ ಹೋದ ಮೇಲೆ ನನ್ನತ್ತ ತಿರುಗಿ, "ಡ್ರೈವರ್ ದನಿ ಛಲೋ ತಂದಿದ್ದಿ. ಉಸುರು ನಿಂದ ಇತ್ತು" ಎಂದರು.

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. "ನಾನೇ ಅಂತ ಗೊತ್ತಿತ್ತಾ? ಇರಿ ಅಂದ್ರೆ ಈ ಕಡೆ ಬನ್ನಿ ಅಂತಲೂ ಗೊತ್ತಿತ್ತಾ?"

"ದಿನಾ ನಾಕು ತಾಸು ಧಾರಾವಾಹಿ ನೋಡ್ತೀನಿ. ಅಷ್ಟೂ ಗೊತ್ತಾಗೂದಿಲ್ಲೇನು?"

"ಮತ್ತೆ ಯಾಕೆ ಇದ್ಬಿಟ್ರಿ?"

"ಹನ್ನೊಂದು ವರ್ಷ ಆತು. ಬಾ, ಏಳು, ಗುಳಗಿ ನುಂಗು, ವಾಚ್ ಹಾಕ್ಕೊ. ಎಲ್ಲಾರೂ ಪಲ್ಲಿ ಪಲ್ಲಿನ. ಎರಡು ರ ಹಚ್ಚಿ 'ಇರ್ರಿ' ಅಂತ ಯಾರೂ ಅಂದಿರ್ಲಿಲ್ಲಪಾ. ಅಣಕಸಾಕ ಅಂದ್ರೂ ಅಂದಿ. ಇದ್ದೆ."

ಟೆಕ್ಸಸ್‌ಗೆ ವಾಪಸಾದ ಮೇಲೆ ಮಿಸೌರಿ ಸಿಟಿಯಲ್ಲಿ ಊಟಕ್ಕೆ ಕರೆದರು. ಕೊರಿಯಾದ ಮೆಣಸಿನಕಾಯಿ ಹಾಕಿ ಅರೆದ ರಂಜಕದ ಚಟ್ನಿ. ಗಿರೀಶಣ್ಣ ಬಹಳ ಹೆಮ್ಮೆಯಲ್ಲಿದ್ದ. "ಎಂಟು ದಿನ, ಒಂದು ಫಜೀತಿ ಇಲ್ಲ. ಅಮ್ಮ ಗೆದ್ದಾಳ" ಎಂದು ಘೋಷಿಸಿದ. ನಾನು ತಟ್ಟೆಯೊಳಗೆ ಮುಖವಿಟ್ಟು ಗೆಲುವನ್ನು ಅಗಿಯುತ್ತಿದ್ದೆ. ಅಲ್ಲಿಗೆ ಮುಗಿಯಬಹುದಿತ್ತು.

"ಸುಳ್ಳು" ಎಂದರು ಆಂಟಿ. "ಐತ್ವಾರ ನಾ ಹಳ್ಯಾಗ ಉಳದಿದ್ದೆ. ಬಸ್ ಬಿಟ್ಟು ಹೋಗಿತ್ತು. ಕೈಯಾಗ ಫೋನ್ ಸೈತ ಇರ್ಲಿಲ್ಲ."

"ಅವತ್ತ ನಾ ಮಾತಾಡೀನಲ್ಲ ನಿನ್ನ ಕೂಡ!"

"ಇವನ ಕೂಡ ಮಾತಾಡಿದಿ."

ಗಿರೀಶಣ್ಣ ನನ್ನನ್ನು ನೋಡಿದ. ಓಡಿಹೋಗಲು ಗ್ಯಾರೇಜಿನ ಬಾಗಿಲು ದೂರವಿತ್ತು. "ಮಾಡು" ಎಂದ. ನಾನು ತಲೆ ಬಗ್ಗಿಸಿ, "ಹೂಂ, ಹೇಳಪಾ ಗಿರೀ. ಲೈನ್ ಖರಾಬ್ ಐತಿ" ಎಂದೆ. ಒಂಬತ್ತು ವರ್ಷದ ಮೊಮ್ಮಗಳು ತನ್ವಿ ತಲೆಯೆತ್ತದೆ ಹೇಳಿದಳು, "ದಟ್ಸ್ ನಾಟ್ ಅಜ್ಜಿ. ಅಜ್ಜಿ ಬ್ರೀದ್ಸ್ ಫಸ್ಟ್."

ಆಂಟಿ ಮೊಮ್ಮಗಳನ್ನು ನೋಡಿದ ನೋಟ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅರ್ಧ ಮಾತಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿಯಲ್ಲಿ ಎಕ್ಸ್‌ಚೇಂಜಿನ ಕಿವಿ ಕೂತಿತ್ತು.

"ಅಮ್ಮಾ, ನನಗ ಗುರ್ತ ಸಿಗಲಿಲ್ಲ" ಎಂದ ಗಿರೀಶಣ್ಣ. ಅವನ ದನಿ ಯಾರೂ ಅಣಕಿಸಬಾರದಂಥದ್ದಾಗಿತ್ತು. "ದಿನಾ ಮಾತಾಡ್ತೀನಿ. ಗುರ್ತ ಸಿಗಲಿಲ್ಲ."

"ಲೈನ್ ಖರಾಬ್ ಇತ್ತು ಬಿಡಪಾ" ಎಂದು ಆಂಟಿ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ನಾ ಶರ್ತ ಸೋತೇನಿ. ಧಾರವಾಡ ಕ್ಯಾನ್ಸಲ್. ಸುಳ್ಳ ಹೇಳಿ ಹೋಗೂದು ಬ್ಯಾಡ."

ಗಿರೀಶಣ್ಣ ರೊಟ್ಟಿಯನ್ನು ಮುರಿದ, ತಿನ್ನಲಿಲ್ಲ. ತಟ್ಟೆಗೆ ಹೇಳುವಂತೆ ಕೇಳಿದ: "ಅಲ್ಲೆ ನಾಕನೇ ಮನಿ ಕೀಲಿ ಯಾರ ಹತ್ರ ಐತಿ?"

ಜನವರಿಯಲ್ಲಿ ಆಂಟಿ ಹೊರಟರು. ಹ್ಯೂಸ್ಟನ್ ಏರ್‌ಪೋರ್ಟಿಗೆ ನಾನೂ ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಗಾಲಿಕುರ್ಚಿ ತಂದವನನ್ನು "ನೀ ಕೂಡ್ರು, ನಾ ತಳ್ತೀನಿ" ಎಂದು ಕಳಿಸಿಬಿಟ್ಟಿದ್ದರು. ಕೂಗುವ ವಾಚನ್ನು ಬಿಚ್ಚಿ ತನ್ವಿಯ ಕೈಗೆ ಕಟ್ಟಿದ್ದರು. ಮಗನ ಕೆನ್ನೆ ಸವರಿ, ಸೊಸೆಗೆ ಉಪ್ಪಿನಕಾಯಿ ಭರಣಿ ಯಾವಾಗ ತಿರುವಬೇಕೆಂದು ಮೂರನೇ ಸಲ ಹೇಳಿ, ಸೆಕ್ಯೂರಿಟಿ ಸಾಲಿನ ಕಡೆ ನಡೆದರು. ಕನ್ನಡಕ ಎಂದಿನಂತೆ ಮನೆಯಲ್ಲೇ ಉಳಿದಿತ್ತು; ಅದು ಆಮೇಲೆ ಗೊತ್ತಾಯಿತು.

ಬೀಳ್ಕೊಡುಗೆಗೆಂದು ನಾನು ಏಳೆಂಟು ದನಿ ತಯಾರು ಮಾಡಿಕೊಂಡು ಹೋಗಿದ್ದೆ. ಡ್ರೈವರ್, ಮಿಸ್ ಯುನ್, ಹೂವಿನ ಪ್ಯಾಂಟಿನ ಅಜ್ಜಿ. ಅವರು ಸಾಲಿನ ಹಗ್ಗ ದಾಟುವಾಗ ಅವೆಲ್ಲ ಎಲ್ಲಿ ಹೋದವೋ.

"ಇರ್ರಿ ಆಂಟಿ" ಎಂದೆ.

ಅವರು ನಿಂತರು. ತಿರುಗಲಿಲ್ಲ.

"ಯಾವ ಭಾಷಾದಾಗ ಅಂದೀಪಾ?"

ಉತ್ತರಕ್ಕೆಂದು ಬಾಯಿ ತೆರೆದೆ. ನಲವತ್ತು ಜನರ ದನಿ ಬರುವವನ ಬಾಯಿಂದ ಬರೀ ಉಸಿರು ಹೊರಬಂತು.

"ಗೊತ್ತಾತು ಬಿಡು ಮೈಸೂರಾ" ಎಂದು, ಆಂಟಿ ಒಳಗೆ ಹೋದರು.